ನೀರು ಕುಡಿಯಿರಿ ಎಂದ ಪಾರ್ಫಿಟ್ ಸಾಹೇಬರು

ಕಾಡುಪ್ರಾಣಿ ನೋಡಲು ನಮ್ಮ ಕಡೆ ಬರುವವರಿಗೆ ಬುದ್ಧಿ ಹೇಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಮಂದಿ ಕಾಡನ್ನೇ ಕಂಡವರಲ್ಲ. ಮಣ್ಣಿನ ಬಣ್ಣದ ಬಟ್ಟೆಯನ್ನೇ ಹಾಕಿಕೊಳ್ಳಿ ಎಂದು ಅವರು ಹೇಳುತ್ತಾರೆ, ಇವರು ಹಾಕಿಕೊಂಡು ಬರುತ್ತಾರೆ. ಆಫ್ರಿಕಾದ ಕಾಡಂಚಿನ ನಮ್ಮ ಕರಾಟು ಪೇಟೆಯಲ್ಲಿ ಗಾಡಿಯಿಂದ ಇಳಿಯುವ ಅತಿಥಿಗಳನ್ನು ನೋಡಿದರೆ ಎಲ್ಲೋ ಯುದ್ಧ ಸೋತು ಬಂದ ಸಿಪಾಯಿಗಳು ಅನ್ನಬೇಕು. ಹೀಗೆ ಉಟ್ಟರೆ ಸಿಂಹದ ಕಣ್ಣಿಗೆ ಬೀಳುವುದಿಲ್ಲವಂತೆ. ಆನೆಯಷ್ಟು ದೊಡ್ಡ ಗಾಡಿ, ಅದರ ಛಾವಣಿ ಎತ್ತಿಟ್ಟು ತಲೆ ಹೊರಗೆ ಹಾಕಿ, ಮೊಳದುದ್ದದ ಕ್ಯಾಮೆರಾ ಹಿಡಿದು ನಿಂತವನು ಖಾಕಿ ಅಂಗಿ ತೊಟ್ಟ ಮಾತ್ರಕ್ಕೆ ಸಿಂಹಕ್ಕೆ ಕಾಣುವುದಿಲ್ಲವೇ? ಸಿಂಹಕ್ಕೇನು ಪೊರೆ ಬಂದಿದೆಯೇ? ಇನ್ನು ಕಡುನೀಲಿ ಬಟ್ಟೆ ಬೇಡ, ಅದಕ್ಕೆ ಕಚ್ಚುವ ನೊಣ ಮುತ್ತುತ್ತದೆ ಎಂಬ ಮಾತೂ ಅದೇ ಪುಸ್ತಕಗಳಲ್ಲಿ ಇರುತ್ತದೆ. ಅದೊಂದು ಮಾತ್ರ ನಿಜ. ಅದನ್ನು ಮಾತ್ರ ಯಾರೂ ಓದಿರುವುದಿಲ್ಲ, ಎಲ್ಲರೂ ನೀಲಿ ಜೀನ್ಸಿನಲ್ಲೇ ಬರುತ್ತಾರೆ.

ನಮಸ್ಕಾರಕ್ಕೆ "ಜಾಂಬೋ" ಎನ್ನಿ ಎಂದೂ ಕಲಿಸಿ ಕಳಿಸುತ್ತಾರೆ. ನಾವು ಯಾರೂ ಒಬ್ಬರಿಗೊಬ್ಬರು ಜಾಂಬೋ ಎಂದವರಲ್ಲ. ಅತಿಥಿಗಳು ಎಂದಾಗ ನಾವೂ ಎನ್ನುತ್ತೇವೆ, ತೊದಲುವ ಮಗುವಿನ ಜೊತೆ ತೊದಲಿದ ಹಾಗೆ. ಅವರಿಗೆ ಖುಷಿ, ನಮಗೇನು ಗಂಟು ಹೋಗುತ್ತದೆ?

ನಾನು ಪಾಸ್ಕಲೀನಾ. ಡೇರೆ ಹಾಕಿಕೊಂಡು ಕಾಡು ಸುತ್ತುವವರಿಗೆ ಅಡುಗೆ ಮಾಡಿ ಬಡಿಸುವವಳು. ಈ ಕಸುಬಿನಲ್ಲಿ ಅಡುಗೆಯವರಿಗೆ ಬೇರೆ ಗಾಡಿ ಇಲ್ಲ. ಪಾತ್ರೆ, ಒಲೆ, ತರಕಾರಿ ಬುಟ್ಟಿ ಹಿಂದೆ; ನಾವು ಮುಂದೆ, ಡ್ರೈವರ್ ಪಕ್ಕದಲ್ಲಿ. ನಮ್ಮ ಗಾಡಿಯ ಡ್ರೈವರ್ ಗ್ವಾಂಡು ನನ್ನ ಗಂಡನ ತಮ್ಮ. ಅತ್ತಿಗೆ ಮೈದುನರ ನಡುವೆ ಬಾಯಿಗೆ ಬಾಗಿಲು ಹಾಕುವ ಪದ್ಧತಿ ನಮ್ಮ ಜನರಲ್ಲಿಲ್ಲ. ನಾನು ಅವನನ್ನು ಬೈಯದೆ ಸಂಜೆಯಾದರೆ ನನಗೆ ಜ್ವರ ಬಂದಿದೆಯೇ ಎಂದು ನನ್ನ ಗಂಡ ಹಣೆ ಮುಟ್ಟಿ ನೋಡುತ್ತಾನೆ.

ಗ್ವಾಂಡು ಹೆಸರುವಾಸಿ ಡ್ರೈವರ್. ಮಾರಾ ನದಿಯ ದಡದಲ್ಲಿ ಅವನ ಹೆಸರು ಕೇಳದವರಿಲ್ಲ. ಆ ಹೆಸರು ಹೇಗೆ ಬಂತು ಅನ್ನುವುದು ನನಗೆ ಗೊತ್ತು, ಅವನಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಒಣಗಾಲದಲ್ಲಿ ನ್ಯುಂಬುಗಳು ಹಿಂಡು ಹಿಂಡಾಗಿ ಹುಲ್ಲು ಹುಡುಕಿಕೊಂಡು ನದಿ ದಾಟುತ್ತವೆ. ದನದ ಮೈ, ಆಡಿನ ಗಡ್ಡ, ಕುದುರೆಯ ಬಾಲ, ಬುದ್ಧಿ ಮಾತ್ರ ಯಾರದ್ದೂ ಇಲ್ಲ, ಅದು ನ್ಯುಂಬು. ಕೆಳಗೆ ಮೊಸಳೆ ಬಾಯಿ ತೆರೆದಿದ್ದರೂ ಮುಂದಿನದು ಹಾರಿತು ಎಂದು ಹಿಂದಿನದೂ ಹಾರುತ್ತದೆ. ಇದನ್ನು ನೋಡಲೆಂದೇ ಸಾಹೇಬರು ಸಮುದ್ರ ದಾಟಿ ಬರುತ್ತಾರೆ. ಒಂದು ವರ್ಷ ಗ್ವಾಂಡು ಹಿಂದಿನ ದಿನ ಕುಡಿದ ಬಾಳೆಹಣ್ಣಿನ ಹೆಂಡದ ಮಂಪರಿನಲ್ಲಿ ದಾರಿ ತಪ್ಪಿ ಎಲ್ಲೋ ಹೋಗಿ ನಿಂತ. ಹಿಂಡು ಸರಿಯಾಗಿ ಅವನ ಮೂಗಿನ ಮುಂದೆಯೇ ದಾಟಿತು. ಅಷ್ಟೂ ಗಾಡಿಗಳು ಬೇರೆ ಕಡೆ ಕಾದು ಕುಳಿತಿದ್ದವು. "ಗಾಳಿಯಲ್ಲೇ ಗೊತ್ತಾಗುತ್ತಪ್ಪ ನನಗೆ, ಗೊರಸಿನ ವಾಸನೆ ಬೇರೆ" ಎಂದು ಅವನು ಆಮೇಲೆ ಹೇಳಿಕೊಂಡು ತಿರುಗಿದ. ನಾನು ಬಾಯಿ ಮುಚ್ಚಿಕೊಂಡಿದ್ದೆ, ಮನೆತನದ ಮಾನ.

ಆದರೆ ಆ ವರ್ಷ ಅವನ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಮಳೆಗಾಲಕ್ಕೆ ಮೊದಲು ಒಬ್ಬ ಅತಿಥಿಗೆ ಚೀತಾ ತೋರಿಸುವ ಆಸೆಗೆ ದಾರಿ ಬಿಟ್ಟು ಹುಲ್ಲಿನೊಳಗೆ ಗಾಡಿ ಇಳಿಸಿದ್ದ, ಕಾವಲಿನವರ ಕೈಗೆ ಸಿಕ್ಕಿಬಿದ್ದಿದ್ದ. ಇನ್ನೊಂದು ತಪ್ಪು ಮಾಡಿದರೆ ರಾಷ್ಟ್ರೀಯ ಉದ್ಯಾನದೊಳಗೆ ಗಾಡಿ ಓಡಿಸುವ ಕಾರ್ಡು ಶಾಶ್ವತವಾಗಿ ಹೋಯಿತು ಎಂದು ಹೇಳಿ ಬಿಟ್ಟಿದ್ದರು. ದಾರಿ ಬಿಟ್ಟರೆ ತಪ್ಪು, ನದಿಯ ಹತ್ತಿರ ಅತಿಥಿಯನ್ನು ಗಾಡಿಯಿಂದ ಇಳಿಸಿದರೆ ಅದಕ್ಕಿಂತ ದೊಡ್ಡ ತಪ್ಪು. ಕಾರ್ಡಿಲ್ಲದ ಡ್ರೈವರ್ ನಮ್ಮ ಊರಿನಲ್ಲಿ ಯಾತಕ್ಕೂ ಬೇಡ. ಗ್ವಾಂಡುವಿಗೆ ಬೇರೆ ಕೆಲಸ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಅವನಿಗೆ ಗಾಡಿಯೊಂದಿದ್ದರೆ ಊಟದ ನೆನಪೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಪಾರ್ಫಿಟ್ ಸಾಹೇಬರು ಬಂದರು.

ಡೆಸ್ಮಂಡ್ ಪಾರ್ಫಿಟ್ ಇಂಗ್ಲೆಂಡಿನವರು. ಆಫ್ರಿಕಾದ ಕಾಡಿಗೆ ಹೋಗುವವರು ಏನು ಮಾಡಬೇಕು, ಏನು ಮಾಡಬಾರದು ಎಂದು ಇಂಟರ್ನೆಟ್ಟಿನಲ್ಲಿ ಬರೆಯುತ್ತಾರಂತೆ, ಸಾವಿರಾರು ಜನ ಓದುತ್ತಾರಂತೆ. ನಮ್ಮ ಕಂಪನಿಯ ಯಜಮಾನಿ ಅವರನ್ನು ಮದುವೆ ಗಂಡಿನ ಹಾಗೆ ಎದುರುಗೊಂಡಳು. "ಈ ಮನುಷ್ಯ ಎರಡು ಒಳ್ಳೆ ಮಾತು ಬರೆದ್ರೆ ನಮಗೆ ಮೂರು ವರ್ಷ ಬರ ಇಲ್ಲ, ತಿಳೀತಾ?" ಎಂದು ನಮ್ಮಿಬ್ಬರ ಕಿವಿ ಹಿಂಡಿ ಕಳಿಸಿದಳು.

ಗಾಡಿ ಹತ್ತಿದ ಮೇಲೆ ನಾನೇ ಕೇಳಿದೆ. "ಮುಂಚೆ ಬಂದಿದ್ರಾ ಸಾಹೇಬ್ರೇ, ಈ ಕಡೆ?"

"ಆಫ್ರಿಕಾ ನನಗೆ ಹೊಸದಲ್ಲ," ಎಂದರು.

"ಕೇಪ್‌ಟೌನಿನಲ್ಲಿ ಇವರ ಅಣ್ಣನ ಮಗಳ ಮದುವೆ ಇತ್ತು," ಎಂದರು ಹಿಂದಿನಿಂದ ಅವರ ಹೆಂಡತಿ ಮಾರ್ಜರಿ. "ಮಳೆ ಬಂತು. ಹೋಟೆಲಿನಲ್ಲೇ ಇದ್ವಿ."

ಮಾರ್ಜರಿ ಅಮ್ಮನವರು ಹೂವಿನ ಅಂಗಿ ತೊಟ್ಟು ಬಂದಿದ್ದರು. ಅದೊಂದಕ್ಕೇ ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು.

ಸಾಹೇಬರ ಸಲಹೆಗಳಿಗೆ ಲೆಕ್ಕವಿರಲಿಲ್ಲ. ಡೇರೆಯೊಳಗೆ ಹೋಗುವ ಮೊದಲು ಕಾಲು ಕುಟ್ಟಿ, ಹಾವಿಗೆ ಗೊತ್ತಾಗುತ್ತದೆ. ಅವರು ಕುಟ್ಟಿದ್ದಕ್ಕೆ ಡೇರೆಯ ಗೂಟ ಕಿತ್ತು ಬಂತು. ಹಸಿ ತರಕಾರಿ ತಿನ್ನಬೇಡಿ. ನಾನು ಬೇಯಿಸಿದ್ದನ್ನೂ ಮೂಸಿ ನೋಡಿದರು. ಪ್ಲಾಸ್ಟಿಕ್ ಬಾಟಲಿ ಕಾಡಿಗೆ ವಿಷ ಎಂದು ಗಾಡಿಯಲ್ಲಿದ್ದ ಖಾಲಿ ಬಾಟಲಿಗಳನ್ನೆಲ್ಲ ಗೇಟಿನಲ್ಲೇ ಎಸೆಯಿಸಿದರು. ಎಲ್ಲಕ್ಕಿಂತ ಮೇಲಿನದು ನೀರು. "ನೀರು ಕುಡೀರಿ, ಬಾಯಾರಿಕೆ ಆಗೋ ಮುಂಚೆ ಕುಡೀರಿ. ಬಿಸಿಲಿನಲ್ಲಿ ಸಾಯೋರಲ್ಲಿ ಹೆಚ್ಚಿನವರು ನೀರು ಕುಡಿಯದೆ ಸಾಯ್ತಾರೆ." ಅವರ ಬೆನ್ನಿಗೆ ಒಂದು ನೀರಿನ ಚೀಲ, ಅದರಿಂದ ಬಾಯಿಗೆ ಒಂದು ಕೊಳವೆ. ಮಾತಾಡುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಆ ಕೊಳವೆ ಬಾಯಲ್ಲೇ. ಪಕ್ಕದ ಡೇರೆಗಳ ಅತಿಥಿಗಳಿಗೂ ಹೋಗಿ ಹೋಗಿ ನೀರು ಕುಡಿಯಿರಿ ಎಂದು ಹೇಳಿ ಬಂದರು. ಅವರೂ ಪಾಪ, ಬರೆಯುವ ಮನುಷ್ಯ ಹೇಳಿದ ಎಂದು ಕುಡಿದರು.

ನದಿಯ ಹತ್ತಿರ ಹೋದ ದಿನ ಸಾಹೇಬರಿಗೆ ತಣ್ಣಗಿನ ಊಟ ಆಗದು ಎಂದು ನನ್ನನ್ನೂ, ಸಾರಿನ ಪಾತ್ರೆಯನ್ನೂ ಹೇರಿಕೊಂಡು ಹೋಗಿದ್ದರು. ಬೆಳಿಗ್ಗೆಯೇ ಹೋಗಿ ಮರದ ನೆರಳಿನಲ್ಲಿ ನಿಂತೆವು. ಆಚೆ ದಡದಲ್ಲಿ ನ್ಯುಂಬುಗಳು ಬಂದು ಸೇರುತ್ತಿದ್ದವು, ದಡ ಕಪ್ಪಗಾಗಿತ್ತು. ಈಚೆ ದಡದಲ್ಲಿ ಗಾಡಿಗಳು ಬಂದು ಸೇರುತ್ತಿದ್ದವು. ಇಲ್ಲಿಯ ಕಟ್ಟಳೆ ಎಲ್ಲರಿಗೂ ಗೊತ್ತು. ಮೊದಲ ಪ್ರಾಣಿ ನೀರಿಗೆ ಇಳಿಯುವವರೆಗೆ ಯಾರೂ ಎಂಜಿನ್ ಹಾಕುವಂತಿಲ್ಲ, ದಡಕ್ಕೆ ಹೋಗುವಂತಿಲ್ಲ. ಗದ್ದಲವಾದರೆ ಹಿಂಡು ಹೆದರಿ ಹಿಂದಕ್ಕೆ ಹೋಗುತ್ತದೆ. ಅದು ಇಳಿದ ಮರುಕ್ಷಣ ಎಲ್ಲರೂ ದಡಕ್ಕೆ ನುಗ್ಗಬೇಕು, ಒಳ್ಳೆಯ ಜಾಗ ಹಿಡಿಯಬೇಕು. ಹಾಗಾಗಿ ಡ್ರೈವರುಗಳ ಒಂದು ಕಣ್ಣು ನ್ಯುಂಬಿನ ಮೇಲೆ, ಇನ್ನೊಂದು ಕಣ್ಣು ಪಕ್ಕದ ಡ್ರೈವರನ ಮೇಲೆ. ಅಂದು ಎಲ್ಲರ ಇನ್ನೊಂದು ಕಣ್ಣು ಗ್ವಾಂಡುವಿನ ಮೇಲಿತ್ತು. ಅವನೂ ಅದನ್ನು ಬಲ್ಲವನೇ. ಕಿಟಕಿಯಿಂದ ಮೂಗು ಹೊರಗೆ ಹಾಕಿ, ಗಾಳಿ ಮೂಸಿ, ತಲೆ ಆಡಿಸಿದ.

"ಏನು ವಾಸನೆ ಬಂತೋ?" ಎಂದೆ ನಮ್ಮ ಭಾಷೆಯಲ್ಲಿ.

"ನಿನ್ನ ಈರುಳ್ಳಿ ಸಾರಿಂದು. ಸುಮ್ನಿರು ಅತ್ತಿಗೆ, ಎಲ್ರೂ ನೋಡ್ತಾ ಇದಾರೆ."

ಹೊತ್ತು ನೆತ್ತಿಗೇರಿತು. ನ್ಯುಂಬುಗಳು ನೀರಿನ ತನಕ ಬರುವುದು, ನೋಡುವುದು, ಹಿಂದೆ ಸರಿಯುವುದು. ಸಾಹೇಬರು ಕೊಳವೆ ಹೀರುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು.

"ಅತ್ತಿಗೆ, ಹಿಂದೆ ಇವನಿಗೆ ಏನಾಗಿದೆ? ಅಂಡಿಗೆ ಇರುವೆ ಹತ್ತಿದವನ ಹಂಗೆ ಆಡ್ತಾನೆ."

"ಮುಂಜಾನೆಯಿಂದ ಹೀರಿದಾನಲ್ಲ, ಕೆರೆ ತುಂಬಿದೆ. ಕೋಡಿ ಬೀಳೋದೊಂದೇ ಬಾಕಿ."

ಗ್ವಾಂಡು ಅಂಗಿಯ ಜೇಬಿನ ಕಾರ್ಡು ಮುಟ್ಟಿ ನೋಡಿಕೊಂಡ. "ತಡ್ಕೊಳಕ್ಕೆ ಹೇಳು."

"ನೀನೇ ಹೇಳಪ್ಪ. ಒಳಗೆ ಹೋಗೋದು ನನ್ನ ಇಲಾಖೆ, ಹೊರಗೆ ಬರೋದು ನಿಂದು."

ಅವನು ಹಿಂದೆ ತಿರುಗಿ, ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ, ಇಲ್ಲಿ ಇಳಿಯುವಂತಿಲ್ಲ, ಕಾವಲಿನವರು ಇಲ್ಲೇ ಸುತ್ತುತ್ತಿರುತ್ತಾರೆ, ನನ್ನ ಕಾರ್ಡು ಹೋಗುತ್ತದೆ ಎಂದ. ಇಳಿಯಬಾರದು ಎಂದು ನಾನೇ ಬರೆದಿದ್ದೇನೆ, ನನಗೆ ಗೊತ್ತಿಲ್ಲವೇ ಎಂದರು ಸಾಹೇಬರು. "ಬಾಟಲಿ ಇದ್ದರೆ ಆಗ್ತಿತ್ತು," ಎಂದ ಗ್ವಾಂಡು. ಬಾಟಲಿಗಳೆಲ್ಲ ಗೇಟಿನ ಕಸದ ತೊಟ್ಟಿಯಲ್ಲಿದ್ದವು. ಬೆನ್ನಿನ ನೀರಿನ ಚೀಲ ಇನ್ನೂ ಅರ್ಧ ತುಂಬಿತ್ತು. ಸಾಹೇಬರ ಕಣ್ಣು ಗಾಡಿಯನ್ನೆಲ್ಲ ಸುತ್ತಿ ಬಂದು ನನ್ನ ಸಾರಿನ ಪಾತ್ರೆಯ ಮೇಲೆ ನಿಂತಿತು.

"ಅದರ ತಂಟೆಗೆ ಬಂದ್ರೆ ಸಟ್ಟುಗ ಇದೆ ಕೈಯಲ್ಲಿ," ಎಂದೆ. ಯಾವ ಭಾಷೆಯಲ್ಲಿ ಎಂದೆನೋ ನೆನಪಿಲ್ಲ, ಅವರಿಗೆ ಅರ್ಥವಾಯಿತು.

"ಡೆಸ್ಮಂಡ್," ಎಂದರು ಮಾರ್ಜರಿ ಅಮ್ಮ, "ಊರಿಗೆಲ್ಲ ನೀರು ಕುಡಿಸಿದ್ದು ಸಾಕಾಯ್ತಾ?"

ಸಾಹೇಬರು ಅಳುವುದೊಂದು ಬಾಕಿ. "ಇಲ್ಲಿಂದ ಕರ್ಕೊಂಡು ಹೋಗಪ್ಪ, ಎಲ್ಲಾದ್ರೂ, ಒಂದು ಮರೆಗೆ," ಎಂದು ಗ್ವಾಂಡುವಿನ ಭುಜ ಹಿಡಿದುಕೊಂಡರು. ಗ್ವಾಂಡು ನನ್ನ ಮುಖ ನೋಡಿದ. ಗಾಡಿಯಲ್ಲೇ ಕೋಡಿ ಬಿದ್ದರೆ ಯಜಮಾನಿ ಬಿಡುವುದಿಲ್ಲ, ಇಳಿಸಿದರೆ ಕಾವಲಿನವರು ಬಿಡುವುದಿಲ್ಲ. ಆಚೆ ದಿಬ್ಬದ ಮರೆಯಲ್ಲಿ ದಾರಿಯ ಪಕ್ಕಕ್ಕೇ ಒಂದು ಮುಳ್ಳುಪೊದೆ ಇರುವುದು ಅವನಿಗೆ ಗೊತ್ತಿತ್ತು. ಅಲ್ಲಿ ಒಂದು ಚಣ, ಯಾರೂ ನೋಡುವ ಮೊದಲು ಮುಗಿಸಿ ಬಂದುಬಿಡೋಣ ಎಂದು ಅವನು ಎಂಜಿನ್ ಹಾಕಿದ.

ಅಷ್ಟು ಹೊತ್ತಿನ ಮೌನದಲ್ಲಿ ಆ ಸದ್ದು ಎಲ್ಲರ ಕಿವಿಗೂ ಬಿತ್ತು. ಗಾಡಿ ತಿರುಗಿಸುತ್ತಲೇ ರೇಡಿಯೋ ಕರಕರ ಎಂದಿತು.

"ಗ್ವಾಂಡು, ಎಲ್ಲಿಗೋ?" ಅದು ಅಕೊನಾಯ್. ಗ್ವಾಂಡುವಿನ ಓರಗೆಯವನು, ಹೊಟ್ಟೆಕಿಚ್ಚಿನಲ್ಲಿ ಅವನಿಗಿಂತ ಒಂದು ಕೈ ಮೇಲು.

ಗ್ವಾಂಡು ಉತ್ತರ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಆ ರೇಡಿಯೋ ಕಾವಲಿನವರೂ ಕೇಳುತ್ತಾರೆ. ಅತಿಥಿಯನ್ನು ಉಚ್ಚೆಗೆ ಇಳಿಸಲು ಹೊರಟಿದ್ದೇನೆ ಎಂದು ಅವನೇ ಸಾರಿ ಹೇಳಬೇಕಿತ್ತೇ? ಆದರೆ ನಮ್ಮ ಡ್ರೈವರುಗಳ ಲೋಕದಲ್ಲಿ ರೇಡಿಯೋಗೆ ಉತ್ತರ ಕೊಡದವನು ಏನೋ ದೊಡ್ಡದನ್ನು ಕಂಡಿದ್ದಾನೆ, ಒಬ್ಬನೇ ನುಂಗಲು ಹೊರಟಿದ್ದಾನೆ ಎಂದೇ ಅರ್ಥ. ಅದೂ ಗ್ವಾಂಡು, ಗಾಳಿ ಮೂಸುವವನು.

"ಬಾಯಿ ಬಿಡ್ತಿಲ್ಲ ನನ್ಮಗ," ಎಂದಿತು ರೇಡಿಯೋ. "ಹಿಂಡು ನದಿಯ ಮೇಲಿನ ಕಡವಿನಲ್ಲಿ ಇಳೀತಾ ಇರ್ಬೇಕು."

"ಮೇಲಿನ ಕಡವಿನಲ್ಲಂತೆ," ಎಂದಿತು ಇನ್ನೊಂದು ಧ್ವನಿ.

"ಆಗ್ಲೇ ಇಳಿದುಬಿಟ್ವಂತೆ," ಎಂದಿತು ಮತ್ತೊಂದು.

ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ನಮ್ಮಲ್ಲೂ ಇದ್ದಾರೆ. ಹಿಂದೆ ನೋಡಿದೆ. ಧೂಳೆದ್ದಿತ್ತು. ಒಂದರ ಹಿಂದೆ ಒಂದು, ಇದ್ದಬದ್ದ ಗಾಡಿಯೆಲ್ಲ ನಮ್ಮ ಬೆನ್ನಿಗೆ. ಎಲ್ಲಿಗೆ, ಯಾಕೆ ಎಂದು ಕೇಳಿದವನು ಒಬ್ಬನಿಲ್ಲ. ನ್ಯುಂಬುಗಳನ್ನು ಆಡಿಕೊಂಡು ನಗುವವರು ಇವರೇ.

ನಾವು ಪೊದೆ ಮುಟ್ಟಿದ್ದೇ ತಡ, ಸಾಹೇಬರು ಬಾಗಿಲು ತೆರೆದು ಬಿದ್ದಂಬೀಳ ಓಡಿದರು. ಬೆನ್ನಿನ ಚೀಲದ ಕೊಳವೆ ಬಾಲದ ಹಾಗೆ ಹಿಂದೆ ಅಲ್ಲಾಡುತ್ತಿತ್ತು. ಪೊದೆಯ ಹಿಂದೆ ಅವರ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಆ ಟೊಪ್ಪಿಗೆ ನಿಧಾನವಾಗಿ ಆಕಾಶಕ್ಕೆ ಮುಖ ಮಾಡಿತು, ಪರಮ ಸುಖದಲ್ಲಿ. ಅಷ್ಟರಲ್ಲಿ ಗಾಡಿಗಳು ಬಂದು ಸುತ್ತ ನಿಂತವು. ಛಾವಣಿಗಳಿಂದ ಕ್ಯಾಮೆರಾಗಳು, ದುರ್ಬೀನುಗಳು ಪೊದೆಯ ಕಡೆಗೆ ತಿರುಗಿದವು.

"ಎಲ್ಲೋ? ಎಲ್ಲಿ ದಾಟ್ತಾ ಇವೆ?" ಎಂದ ಅಕೊನಾಯ್.

"ಏನೂ ದಾಟ್ತಿಲ್ಲ. ದಮ್ಮಯ್ಯ, ಹೋಗ್ರೋ ಇಲ್ಲಿಂದ," ಎಂದ ಗ್ವಾಂಡು.

"ಮುಚ್ಚಿಡ್ತಾನೆ ಕಳ್ಳ! ಪೊದೇಲಿ ಚಿರತೆ ಇರ್ಬೇಕು."

"ಚಿರತೆಯಂತೆ!" ಎಂದ ಹಿಂದಿನವನು ತನ್ನ ಅತಿಥಿಗಳಿಗೆ. ಕ್ಯಾಮೆರಾಗಳೆಲ್ಲ ಚಟಚಟ ಎಂದವು. ಆಗ ಪೊದೆಯಿಂದ ಚಿರತೆಯ ಬದಲು ಪಾರ್ಫಿಟ್ ಸಾಹೇಬರು, ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು.

ಅವರನ್ನು ನೋಡಿ ಒಂದು ಗಾಡಿಯಿಂದ ಮುದುಕಿಯೊಬ್ಬರು ಕೂಗಿದರು. "ದೇವರೇ, ಇಲ್ಲಿ ಇಳೀಬಹುದಾ? ಮೊದಲೇ ಹೇಳಬಾರದಾ?" ಡ್ರೈವರ್ ಬೇಡ ಬೇಡ ಎನ್ನುತ್ತಿದ್ದ ಹಾಗೆ ಬಾಗಿಲು ತೆರೆದು ಇಳಿದೇಬಿಟ್ಟರು. ನೀರು ಕುಡಿಯಿರಿ ಎಂಬ ಸಲಹೆ ಎಲ್ಲ ಡೇರೆಗಳಿಗೂ ತಲುಪಿತ್ತಲ್ಲ. ಎಲ್ಲ ಗಾಡಿಗಳಲ್ಲೂ ಕೆರೆಗಳು ತುಂಬಿ ನಿಂತಿದ್ದವು. ಬಾಗಿಲುಗಳು ದಡದಡ ತೆರೆದುಕೊಂಡವು. ಖಾಕಿ ತೊಟ್ಟ ಆ ಸೈನ್ಯವೆಲ್ಲ ಪೊದೆ ಪೊದೆಗೆ ಚದುರಿತು. ಪೊದೆ ಸಿಗದವರು ಗಾಡಿಯ ಮರೆಗೆ, ಗಾಡಿಯ ಮರೆ ಸಿಗದವರು ಒಬ್ಬರಿಗೊಬ್ಬರು ಬೆನ್ನು ಮಾಡಿ. ಡ್ರೈವರುಗಳು ತಲೆಯ ಮೇಲೆ ಕೈ ಹೊತ್ತು ನಿಂತರು. ನನಗೆ ನಗು ತಡೆಯಲಾಗಲಿಲ್ಲ, ಸಟ್ಟುಗ ಕಚ್ಚಿಕೊಂಡು ಕುಳಿತೆ.

"ಅಲ್ನೋಡಮ್ಮ," ಎಂದರು ಗಾಡಿಯಲ್ಲೇ ಕುಳಿತಿದ್ದ ಮಾರ್ಜರಿ ಅಮ್ಮ, ನನ್ನ ತೋಳು ಮುಟ್ಟಿ. "ನದಿ ಕಡೆ ಅಷ್ಟೊಂದು ಧೂಳು ಯಾಕೆ?"

ಇಬ್ಬರೂ ಸೀಟು ಹತ್ತಿ ಛಾವಣಿಯಿಂದ ದಿಬ್ಬದ ಆಚೆ ನೋಡಿದೆವು. ನಾವು ಬಿಟ್ಟು ಬಂದ ಜಾಗದಲ್ಲೇ ಹಿಂಡು ನೀರಿಗೆ ಇಳಿದಿತ್ತು. ಗಾಡಿಗಳು ತೊಲಗಿದ್ದೇ ತಡ ಅವಕ್ಕೆ ಧೈರ್ಯ ಬಂದಿರಬೇಕು. ದಡದಿಂದ ಧಾರೆ ಸುರಿದ ಹಾಗೆ ಬೀಳುತ್ತಿದ್ದವು, ಈಜುತ್ತಿದ್ದವು, ಮರಿಗಳು ತಾಯಿಯನ್ನು ಕೂಗುತ್ತಿದ್ದವು. ಇಷ್ಟು ವರ್ಷಗಳಲ್ಲಿ ನಾನು ಅಂಥ ದೊಡ್ಡ ಹಿಂಡು ದಾಟಿದ್ದನ್ನು ನೋಡಿರಲಿಲ್ಲ. ಸಮುದ್ರ ದಾಟಿ ಬಂದವರೆಲ್ಲ ಅದಕ್ಕೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿದ್ದರು. ನೋಡಿದವರು ಅಡುಗೆಯವಳು ಒಬ್ಬಳು, ಹೂವಿನ ಅಂಗಿಯ ಮುದುಕಿ ಒಬ್ಬರು.

"ಚೆನ್ನಾಗಿದೆ," ಎಂದರು ಅಮ್ಮ. "ಡೆಸ್ಮಂಡ್‌ಗೆ ಹೇಳೋದು ಬೇಡ. ಬೇಜಾರು ಮಾಡ್ಕೋತಾರೆ."

ನಮ್ಮ ಗಾಡಿಗಳ ಧೂಳು ನೋಡಿಕೊಂಡು ಕಾವಲಿನ ಗಾಡಿಯೂ ಬಂತು. ಇಳಿದವನು ಮರ್ವಾ, ಆ ಭಾಗದ ಕಾವಲಿನ ಹಿರಿಯ. ಬಂದೂಕಿಗೆ ಒರಗಿ ನಿಂತು ಸುತ್ತ ನೋಡಿದ. ಪೊದೆಗಳಿಂದ ಒಬ್ಬೊಬ್ಬರೇ ಏಳುತ್ತಿದ್ದರು. ಮರ್ವಾ ನಗುವವನಲ್ಲ, ಅಂದೂ ನಗಲಿಲ್ಲ.

"ಇದೇನ್ರಪ್ಪ ಇದು? ಜಾತ್ರೆನಾ?" ಎಂದ ಡ್ರೈವರುಗಳಿಗೆ. "ನಿಮ್ಮಷ್ಟೂ ಜನರ ಕಾರ್ಡು ಕಿತ್ಕೊಂಡ್ರೆ ನಾಳೆ ಉದ್ಯಾನ ಮುಚ್ಬೇಕು, ಅದು ಆಗಲ್ಲ. ಸುಮ್ನೆ ಬಿಟ್ಟು ಹೋದ್ರೆ ನನ್ನ ಕೆಲಸ ಹೋಗುತ್ತೆ, ಅದೂ ಆಗಲ್ಲ. ಒಂದು ಕಾರ್ಡು ಬೇಕು ನಂಗೆ. ಮೊದಲು ನಿಲ್ಲಿಸಿ ಇಳಿಸಿದವನು ಯಾರು?"

ಬಾಯಿಗೆ ಬಂದ ಹಾಗೆ ಬೈದಾಡಿಕೊಳ್ಳುವ ಈ ಮಂದಿ ಕಾವಲಿನವರ ಮುಂದೆ ಒಬ್ಬನ ಹೆಸರು ಇನ್ನೊಬ್ಬ ಹೇಳುವುದಿಲ್ಲ, ತಲೆ ಹೋದರೂ ಹೇಳುವುದಿಲ್ಲ. ಅದೊಂದು ಗುಣಕ್ಕೆ ನಾನು ಅವರ ನೂರು ಅವಗುಣ ಮರೆಯುತ್ತೇನೆ.

"ಗೊತ್ತಿಲ್ಲ ಯಜಮಾನ್ರೇ," ಎಂದ ಅಕೊನಾಯ್. "ಧೂಳಿತ್ತು. ಮುಂದಿನ ಗಾಡಿ ಹಿಂದೆ ಬಂದೆ. ಆ ಮುಂದಿನ ಗಾಡಿ ಯಾರ್ದೋ ನಾ ಕಾಣೆ."

"ನಾನು ಇವನ ಹಿಂದೆ ಬಂದೆ."

"ನಾನು ಅವನ ಹಿಂದೆ."

ಎಲ್ಲರೂ ಇನ್ನೊಬ್ಬನ ಹಿಂದೆಯೇ ಬಂದವರು, ಮುಂದೆ ಬಂದವನು ಯಾರೂ ಇಲ್ಲ. ಮರ್ವಾ ಗಡ್ಡ ಕೆರೆದುಕೊಂಡ. ಇನ್ನೇನು ಎಲ್ಲರಿಗೂ ಒಂದು ಬಾಯಿ ಬೈದು ಹೊರಟುಹೋಗುತ್ತಾನೆ ಅನ್ನುವ ಹಾಗಿತ್ತು. ಗ್ವಾಂಡು ಗಾಡಿಗೆ ಒರಗಿ ಉಸಿರು ಬಿಟ್ಟ. ಅಕೊನಾಯ್‌ನ ಗಾಡಿಯಲ್ಲಿ ಬಂದಿದ್ದ ಕೆಂಪು ಮುಖದ ಗಂಡಸೊಬ್ಬ, ಹೊಟ್ಟೆ ಹಗುರವಾದ ಸಂತೋಷದಲ್ಲಿ, ತನ್ನ ಡ್ರೈವರನ ಬೆನ್ನು ತಟ್ಟಿದ. "ನಮ್ಮ ಡ್ರೈವರ್ ಭಾರಿ ಚಾಲಾಕಿ. ನಮ್ಮ ಕಷ್ಟ ನೋಡಿ ಸರಿಯಾದ ಜಾಗ ಹುಡುಕಿದ!" ಎಂದು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದ. ಮರ್ವಾ ತಿರುಗಿ ಅಕೊನಾಯ್‌ನನ್ನು ನೋಡಿದ. ಅಕೊನಾಯ್ ನೆಲ ನೋಡಿದ, ಬಾಯಿ ಬಿಡಲಿಲ್ಲ.

ಆಗ ಪಾರ್ಫಿಟ್ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಡೆಸ್ಮಂಡ್, ಸುಮ್ಮನಿರಿ," ಎಂದರು ಮಾರ್ಜರಿ ಅಮ್ಮ.

ಸಾಹೇಬರಿಗೆ ಇನ್ನೊಬ್ಬರು ಮೊದಲಿಗರಾಗುವುದು ಹೇಗೆ ಸಹಿಸೀತು? ಕೈ ಎತ್ತಿದರು. "ಕ್ಷಮಿಸಿ, ಒಂದು ತಿದ್ದುಪಡಿ. ಈ ಜಾಗಕ್ಕೆ ಮೊದಲು ಬಂದದ್ದು ನಾವು. ಉಳಿದವರೆಲ್ಲ ನಮ್ಮನ್ನು ಹಿಂಬಾಲಿಸಿ ಬಂದರು. ಹುಡುಕಿದ್ದು ನಮ್ಮ ಗ್ವಾಂಡು. ಅವರ ಹೆಸರನ್ನು ನಾನು ಬರೆಯುವವನೂ ಇದ್ದೇನೆ." ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಎಂದು ಕಾದ ಹಾಗೆ ಸುತ್ತ ನೋಡಿದರು.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯಿದೆ. ಇಲ್ಲಿ ಬಾಯಿ ಬಿಟ್ಟವರು ಒಬ್ಬರು, ಬಣ್ಣಗೆಟ್ಟವನು ಇನ್ನೊಬ್ಬ. ಮರ್ವಾ ಗ್ವಾಂಡುವಿನ ಮುಂದೆ ಬಂದು ಕೈ ಚಾಚಿದ. "ಕೇಳಿಸ್ಕೊಳ್ದಂಗೆ ಇರೋಕೆ ಆಗಲ್ಲ ಈಗ. ಕೊಡಪ್ಪ," ಎಂದ ಮೆಲ್ಲಗೆ. ಗ್ವಾಂಡು ಅಂಗಿಯ ಜೇಬಿನಿಂದ ಕಾರ್ಡು ತೆಗೆದ. ಅದರ ಮೇಲಿನ ಧೂಳನ್ನು ತೊಡೆಗೆ ಒರೆಸಿ ಕೊಟ್ಟ. ನನಗೆ ಆ ಸಟ್ಟುಗದಿಂದ ಸಾಹೇಬರ ತಲೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಇವತ್ತಿಗೂ ಅದರ ಕೊರಗಿದೆ.

ಗೇಟಿನವರೆಗೆ ಗಾಡಿ ಓಡಿಸಲು ಬಿಟ್ಟರು. ದಾರಿಯಲ್ಲಿ ಸಾಹೇಬರು ಗ್ವಾಂಡುವಿಗೆ ಸಲಹೆ ಕೊಟ್ಟರು. ಮೇಲಿನವರಿಗೆ ಅರ್ಜಿ ಬರೆಯಬೇಕು, ಅದರಲ್ಲಿ ಕೋಪದ ಮಾತು ಇರಬಾರದು, ಎದೆಗುಂದಬಾರದು. ಗ್ವಾಂಡು "ಆಯ್ತು ಸಾಹೇಬ್ರೇ" ಎಂದ. ಅರ್ಜಿ ಬರೆದದ್ದೂ ಆಯಿತು, ಅದು ಎಲ್ಲಿಯೋ ಹೋಗಿ ಮಲಗಿದ್ದೂ ಆಯಿತು. ಮಾರ್ಜರಿ ಅಮ್ಮ ಹೊರಡುವಾಗ ಅವನ ಎರಡೂ ಕೈ ಹಿಡಿದುಕೊಂಡು ನಿಂತಿದ್ದರು.

ಪಾರ್ಫಿಟ್ ಸಾಹೇಬರು ಮಾತಿಗೆ ತಪ್ಪುವ ಮನುಷ್ಯರಲ್ಲ, ಬರೆದರು. "ಅಲ್ಲಿಗೆ ಹೋದರೆ ಗ್ವಾಂಡು ಎಂಬ ಡ್ರೈವರನ್ನೇ ಹೆಸರು ಹಿಡಿದು ಕೇಳಿ. ಅತಿಥಿಯ ಕಷ್ಟವನ್ನು ಬಾಯಿ ಬಿಡುವ ಮೊದಲೇ ಅರಿಯುವವನು. ಬೇರೆ ಯಾರನ್ನು ಕೊಟ್ಟರೂ ಒಪ್ಪಬೇಡಿ." ಯಜಮಾನಿಯ ಬಾಗಿಲಿಗೆ ಜನ ಸಾಲುಗಟ್ಟಿದರು. ಬಂದವರೆಲ್ಲ ಗ್ವಾಂಡು ಬೇಕು ಎಂದರು. ಅವನು ರಜೆಯ ಮೇಲಿದ್ದಾನೆ ಎಂದು ಅವಳು ಎಲ್ಲರಿಗೂ ಹೇಳಿದಳು. ಗಾಡಿಗೆ ಹೊಸ ಡ್ರೈವರ್ ಬಂದ. ಎಳೆಯವನು, ಒಳ್ಳೆಯವನೇ, ಆದರೆ ಅವನನ್ನು ಬೈಯಲು ನನಗೆ ಏನು ಹಕ್ಕಿದೆ?

ಮುಂದಿನ ಒಣಗಾಲದಲ್ಲಿ ಒಂದು ಗಂಡ ಹೆಂಡತಿಯ ಜೋಡಿಯನ್ನು ಕರೆದುಕೊಂಡು ಕಾಡು ಮುಗಿಸಿ ಕರಾಟುವಿಗೆ ವಾಪಸು ಬಂದೆವು. ಧೂಳು ಮೆತ್ತಿದ ಗಾಡಿಯನ್ನು ತೊಳೆಸಲು ಪೇಟೆಯ ಅಂಚಿನಲ್ಲಿ ನಿಲ್ಲಿಸಿದೆವು. ಕಾಡಿನಿಂದ ಬಂದ ಗಾಡಿಗಳೆಲ್ಲ ಅಲ್ಲೇ ತೊಳೆಯುವುದು. ನೀರಿನ ಪೈಪು ಹಿಡಿದು ನಿಂತವನು ಗ್ವಾಂಡು. ಮೊಣಕಾಲಿನ ತನಕ ಮಡಚಿದ ಪ್ಯಾಂಟು, ಮೈಯೆಲ್ಲ ಒದ್ದೆ.

"ಬಾರಮ್ಮ ಅತ್ತಿಗೆ," ಎಂದ. "ಏನು ಗಾಡಿನಾ ಹೊಲ ಉಳೋಕೆ ಕೊಟ್ಟಿದ್ರಾ?"

"ನೀನು ತೊಳೀಲಿ ಅಂತಾನೇ ಮೆತ್ತಿಸ್ಕೊಂಡು ಬಂದ್ವಿ."

ಹಿಂದೆ ಕುಳಿತಿದ್ದ ಹೆಂಗಸು ಫೋನು ತೆರೆದು, ದಾರಿಯುದ್ದಕ್ಕೂ ಕೇಳಿದ್ದನ್ನೇ ಮತ್ತೆ ಕೇಳಿದಳು. "ಆ ಗ್ವಾಂಡು ರಜೆ ಮುಗಿಸಿ ಯಾವಾಗ ಬರ್ತಾರೆ?" ನನಗೆ ಸಾಕಾಗಿತ್ತು. ಯಜಮಾನಿ ಏನಾದರೂ ಅಂದುಕೊಳ್ಳಲಿ ಎಂದು ಪೈಪಿನ ಕಡೆ ಬೊಟ್ಟು ಮಾಡಿದೆ. "ಅವನೇ."

ಅವರು ನಂಬಲಿಲ್ಲ. ಆಮೇಲೆ ನಂಬಿ ಇಳಿದು ಓಡಿಬಂದು ಒದ್ದೆ ಕೈ ಕುಲುಕಿದರು. ಫೋನಿನಲ್ಲಿ ಸಾಹೇಬರು ಬರೆದದ್ದನ್ನು ತೋರಿಸಿದರು. ಗ್ವಾಂಡು ಕೈ ಒರೆಸಿಕೊಂಡು ನಿಧಾನವಾಗಿ ಓದಿದ. "ಒಳ್ಳೆ ಮನುಷ್ಯ," ಎಂದ. ನಾನು ಅವನ ಮುಖ ನೋಡಿದೆ, ಅಣಕವೇನೂ ಇರಲಿಲ್ಲ. ಒಂದು ಫೋಟೋ ಬೇಕು ಎಂದರು ಅವರು, ಹೀಗಲ್ಲ, ಗಾಡಿ ಓಡಿಸುವ ಹಾಗೆ.

ಹೊಸ ಡ್ರೈವರ್ ತನ್ನ ಖಾಕಿ ಅಂಗಿ ಬಿಚ್ಚಿ ಕೊಟ್ಟ. ಗ್ವಾಂಡು ಒದ್ದೆ ಬನಿಯನ್ನಿನ ಮೇಲೆ ಅದನ್ನು ತೊಟ್ಟು, ಗುಂಡಿ ಹಾಕಿ, ಹತ್ತಿ ಕುಳಿತ. ಎರಡೂ ಕೈ ಚಕ್ರದ ಮೇಲೆ ಇಟ್ಟ. ಅವರು ಇಂಗ್ಲಿಷಿನಲ್ಲಿ ನಗಿ ಎಂದರು, ನಕ್ಕ. ಫೋಟೋ ತೆಗೆದದ್ದಾಯಿತು. ಅವರು ಧನ್ಯವಾದ ಹೇಳಿ ನೆರಳಿಗೆ ಹೋಗಿ ಫೋನಿನಲ್ಲಿ ಮುಳುಗಿದರು.

ಗ್ವಾಂಡು ಇಳಿಯಲಿಲ್ಲ. ಮುಂದಿನ ಗಾಜಿನ ಆಚೆ ರಸ್ತೆಯನ್ನೇ ನೋಡುತ್ತಿದ್ದ. ಕಾಡಿನ ಕಡೆಗೆ ಹೋಗುವ ಗಾಡಿಗಳು ಒಂದೊಂದೇ ಹಾದುಹೋದವು. ಹೊಸ ಡ್ರೈವರ್ ಕೀಲಿ ಕೈಯಲ್ಲಿ ಹಿಡಿದು ಬಾಗಿಲ ಪಕ್ಕ ನಿಂತ. ಹಿರಿಯನಿಗೆ ಹೇಗೆ ಹೇಳುವುದು ಎಂದು ಅವನಿಗೆ ತೋಚದೆ ನನ್ನ ಕಡೆ ನೋಡಿದ. ನನಗೆ ಬೈಗುಳ ಬೇಕಿತ್ತು, ಒಂದೂ ಬಾಯಿಗೆ ಬರಲಿಲ್ಲ.

"ಗ್ವಾಂಡು," ಎಂದೆ. "ಇಳಿಯಪ್ಪ. ಹುಡುಗ ಕಾಯ್ತಾ ಇದಾನೆ."

"ಇಳಿದೆ ಅತ್ತಿಗೆ," ಎಂದ. ಇಳಿದು ಸೀಟಿನ ಕಡೆ ನೋಡಿದ. ಅವನ ಮೈಯ ನೀರು ಅಲ್ಲಿ ಇಳಿದಿತ್ತು. "ಒದ್ದೆ ಮಾಡ್ಬಿಟ್ಟೆ ನೋಡು," ಎಂದು ಸೊಂಟದಿಂದ ಚಿಂದಿ ತೆಗೆದು ಒರೆಸತೊಡಗಿದ.